ಅಕಾರ್ಡಿಯನ್ ದನಿ ಮೆತ್ತಗಾಗ್ಬೇಕಾ? ಮೊದ್ಲು ಆ ಬ್ಲೇಡ್ ಕೆಳಗಿಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣೀಲಿ ಹಳೇ ವಾದ್ಯಗಳನ್ನ ಮನೇಲೇ ಸರಿ ಮಾಡ್ಕೊಳ್ಳೋದು ಹೇಗೆ ಅಂತ ಒಂದು ಲೇಖನ ಬಂದಿತ್ತಲ್ಲ, ಅದ್ರಲ್ಲಿ ಗಿಟಾರ್ ತಂತಿ ಬಗ್ಗೆ, ಕೊಳಲಿನ ಬಿರುಕಿನ ಬಗ್ಗೆ ಬರ್ದಿರೋದಕ್ಕೆಲ್ಲ ನಂದೇನೂ ತಕರಾರಿಲ್ಲ, ಅದು ನಂಗೆ ಗೊತ್ತಿರೋ ವಿಷಯಾನೂ ಅಲ್ಲ. ಆದ್ರೆ ಕೊನೇಲಿ ಜಾಗ ಉಳೀತು ಅಂತ ಸೇರಿಸಿದ ಹಾಗೆ ಅಕಾರ್ಡಿಯನ್ ಬಗ್ಗೆ ನಾಲ್ಕೇ ನಾಲ್ಕು ಸಾಲು ಇತ್ತು ನೋಡಿ, ಅದನ್ನ ಓದಿ ಪೇಪರ್ ಹಿಡ್ಕೊಂಡು ಹಾಗೇ ಕೂತ್ಬಿಟ್ಟೆ. ದನಿ ಕರ್ಕಶ ಆಗಿದ್ರೆ ರೀಡಿನ ತುದೀನ ಬ್ಲೇಡಲ್ಲಿ ಸ್ವಲ್ಪ ಕೆರೀರಿ, ಸ್ವರ ಇಳಿದು ನಾದ ಮೃದು ಆಗುತ್ತೆ ಅಂತ ಇತ್ತು. ಸ್ವಾಮಿ, ತುದಿ ಕೆರೆದ್ರೆ ಸ್ವರ ಇಳಿಯಲ್ಲ, ಏರುತ್ತೆ. ಇಳೀಬೇಕು ಅಂದ್ರೆ ಬುಡದ ಕಡೆ ಕೆರೀಬೇಕು. ಸರಿ ಅದು ಕೈತಪ್ಪಿ ಉಲ್ಟಾ ಅಚ್ಚಾಯ್ತು ಅಂದ್ಕೊಳ್ಳೋಣ, ಆದ್ರೆ ಉಲ್ಟಾ ಆಗದೆ ಸರಿಯಾಗೇ ಅಚ್ಚಾಗಿದ್ರೂ ಅದು ನಾದ ಮೃದು ಮಾಡೋ ದಾರಿ ಅಲ್ವೇ ಅಲ್ಲ, ಅದಕ್ಕೇ ಈ ಕಾಗದ. ಸ್ವಲ್ಪ ಉದ್ದ ಆಗ್ಬಹುದು, ಕತ್ತರಿ ಹಾಕೋ ಹಕ್ಕು ನಿಮ್ದು.

ರೀಡ್ ಅಂದ್ರೆ ಏನು ಅಂತ ನೋಡ್ದೋರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಒಂದು ಅಲ್ಯೂಮಿನಿಯಂ ತಗಡು, ಅದ್ರಲ್ಲಿ ಉದ್ದಕ್ಕೆ ಎರಡು ಸೀಳು, ಒಂದೊಂದು ಸೀಳಿನ ಮೇಲೂ ಒಂದೊಂದು ಉಕ್ಕಿನ ನಾಲಿಗೆ, ನಾಲಿಗೆಯ ಒಂದು ಕೊನೆ ರಿವೆಟ್ ಹಾಕಿ ಬಿಗಿದಿರುತ್ತೆ, ಇನ್ನೊಂದು ಕೊನೆ ಗಾಳೀಲಿ ಆಡ್ತಿರುತ್ತೆ. ಎರಡು ಯಾಕೆ ಅಂದ್ರೆ ಒಂದು ತಿದಿ ಎಳೆಯುವಾಗ ನುಡಿಯೋಕೆ, ಇನ್ನೊಂದು ಒತ್ತುವಾಗ. ಹಾರ್ಮೋನಿಯಂ ಬಿಚ್ಚಿ ನೋಡಿದೋರಿಗೆ ಇದು ಹೊಸದೇನಲ್ಲ, ಅಲ್ಲಿ ಹಿತ್ತಾಳೆ, ಇಲ್ಲಿ ಉಕ್ಕು, ವಂಶ ಒಂದೇ. ಈಗ ತುದೀಲಿ ಲೋಹ ಕಮ್ಮಿ ಮಾಡಿದ್ರೆ ನಾಲಿಗೆ ಹಗುರ ಆಗಿ ಬೇಗ ಬೇಗ ಆಡುತ್ತೆ, ಸ್ವರ ಮೇಲಕ್ಕೆ ಹೋಗುತ್ತೆ. ರಿವೆಟ್ ಹತ್ರ ಕಮ್ಮಿ ಮಾಡಿದ್ರೆ ನಾಲಿಗೆಯ ಬಿಗಿ ಸಡಿಲ ಆಗಿ ನಿಧಾನಕ್ಕೆ ಆಡುತ್ತೆ, ಸ್ವರ ಕೆಳಗೆ ಬರುತ್ತೆ. ಎರಡರಲ್ಲೂ ಬದಲಾಗೋದು ಶ್ರುತಿ, ನಾದದ ಬಣ್ಣ ಅಲ್ಲ. ಕೆರೆದ ಲೋಹಾನ ವಾಪಸ್ ಅಂಟಿಸೋಕಂತೂ ಆಗಲ್ಲ.

ಇದನ್ನೆಲ್ಲ ನಾನು ಪುಸ್ತಕ ಓದಿ ಹೇಳ್ತಿಲ್ಲ, ಮಾಡಿ ಕೆಟ್ಟೋನು ನಾನು. ಕೈಗೆ ಬಂದ ಮೊದಲ ಅಕಾರ್ಡಿಯನ್ 37 ಕೀ, 96 ಬೇಸ್ ಬಟನ್ನಿಂದು, ಯಾರೋ ಉಪಯೋಗಿಸಿ ಬಿಟ್ಟಿದ್ದು. ದನಿ ಹೇಗಿತ್ತು ಅಂದ್ರೆ ನುಡಿಸ್ತಿದ್ರೆ ಪಕ್ಕದ ರೂಮಲ್ಲಿರೋರು ಬಾಗಿಲು ಹಾಕ್ಕೊಳ್ತಿದ್ರು. ನಾನೂ ಯಾರೋ ಹೇಳಿದ ಮಾತು ಕೇಳಿ ಒಂದು ನಾಲಿಗೆಯ ಬುಡಾನ ಕೆರೆಯೋಕೆ ಶುರು ಮಾಡಿದೆ, ಸ್ವಲ್ಪ ಸ್ವಲ್ಪ ಅಂತ ಹೇಳ್ಕೊಂಡೇ ಜಾಸ್ತಿ ಕೆರೆದೆ, ಸ್ವರ ಬೇಕಾದ್ದಕ್ಕಿಂತ ಕೆಳಗೆ ಹೋಯ್ತು, ಆಮೇಲೆ ಅದನ್ನ ಸರಿ ಮಾಡೋಕೆ ತುದಿ ಕೆರೆದೆ, ಅದು ಮೇಲಕ್ಕೆ ಹೋಯ್ತು, ಮತ್ತೆ ಬುಡ. ಒಂದು ವಾರ ನುಡೀತು ಪಾಪ. ಒಂದಿನ ತಿದಿ ಜೋರಾಗಿ ಎಳೆದಾಗ ಒಳಗೆಲ್ಲೋ ಟಿಣ್ ಅಂತು, ಆ ಸ್ವರ ನಿಂತೇ ಹೋಯ್ತು. ಬಿಚ್ಚಿ ನೋಡಿದ್ರೆ ನಾಲಿಗೆ ರಿವೆಟ್ ಪಕ್ಕದಲ್ಲೇ, ನಾನು ಗೀಚಿದ ಗೆರೆ ಮೇಲೇ ನೀಟಾಗಿ ಮುರಿದಿದೆ. ನಾಲಿಗೆ ಜಾಸ್ತಿ ಬಾಗೋದು ಅಲ್ಲೇ ತಾನೇ, ಅಲ್ಲೇ ಗಾಯ ಮಾಡಿದ್ರೆ ಇನ್ನೇನಾಗುತ್ತೆ.

ಸರಿ, ಹಾಗಾದ್ರೆ ಕರ್ಕಶ ಎಲ್ಲಿಂದ ಬರುತ್ತೆ? ನಾವೆಲ್ಲ ಅಂದ್ಕೊಳ್ಳೋದು ಉಕ್ಕಿನ ನಾಲಿಗೆ ತಂತಿ ಥರ ನಡುಗಿ ಸದ್ದು ಮಾಡುತ್ತೆ ಅಂತ. ಹಾಗಲ್ಲ. ನಾಲಿಗೆ ಸೀಳಿನೊಳಗೆ ಹೋಗಿ ಬಂದು ಹೋಗಿ ಬಂದು ಗಾಳಿ ದಾರೀನ ಮುಚ್ಚಿ ತೆಗೆದು ಮಾಡುತ್ತೆ, ಗಾಳಿ ತುಂಡು ತುಂಡಾಗಿ ಹೊರಗೆ ಬರುತ್ತೆ, ನಮ್ಮ ಕಿವಿಗೆ ಬೀಳೋದು ಆ ತುಂಡುಗಳ ಸದ್ದು. ಹೀಗೆ ಪಟಪಟ ಕತ್ತರಿಸಿದ ಗಾಳೀಲಿ ಮೂಲ ಸ್ವರದ ಜೊತೆ ಅದರ ಮೇಲಿನ ಉಪಸ್ವರಗಳು ರಾಶಿ ರಾಶಿ ಇರುತ್ತೆ. ನಮ್ಮ ಕಿವಿಯೋ 2000ದಿಂದ 5000 ಹರ್ಟ್ಸ್ ನಡುವೆ ತುಂಬಾ ಚುರುಕು, ಆ ಉಪಸ್ವರಗಳಲ್ಲಿ ಬೇಕಾದಷ್ಟು ಬಂದು ಕೂರೋದೂ ಅಲ್ಲೇ. ಅಂದ್ರೆ ದನಿ ಬೆಚ್ಚಗೆ ಆಗ್ಬೇಕು ಅಂದ್ರೆ ಆ ಮೇಲಿನ ಭಾಗ ಹೊರಗೆ ಬರೋ ಮುಂಚೆ ಸ್ವಲ್ಪ ಹೀರ್ಕೊಳ್ಳಬೇಕು, ಇದು ಒಂದು. ಇನ್ನೊಂದು ಇದೆ, ಅದೇ ದೊಡ್ಡದು, ಅದು ಟ್ರೆಮೊಲೊ, ಅಂದ್ರೆ ದನಿಯ ನಡುಕ.

ಅಕಾರ್ಡಿಯನ್ನಲ್ಲಿ ಒಂದು ಕೀ ಒತ್ತಿದ್ರೆ ಒಂದೇ ರೀಡ್ ನುಡಿಯುತ್ತೆ ಅಂತ ತಿಳ್ಕೊಂಡಿರೋರು ಜಾಸ್ತಿ. ಸಾಮಾನ್ಯ ವಾದ್ಯದಲ್ಲೇ ಬಲಗೈ ಕಡೆ ಎರಡೋ ಮೂರೋ ಸಾಲು ರೀಡ್ ಇರುತ್ತೆ, ದೊಡ್ಡದ್ರಲ್ಲಿ ನಾಲ್ಕು. ಮಧ್ಯದ ಸ್ಥಾಯಿಯ ಸಾಲಿಗೆ ಕ್ಲಾರಿನೆಟ್ ಅಂತಾರೆ, ಒಂದು ಸ್ಥಾಯಿ ಕೆಳಗಿಂದಕ್ಕೆ ಬಸೂನ್, ಒಂದು ಸ್ಥಾಯಿ ಮೇಲಿಂದಕ್ಕೆ ಪಿಕೊಲೊ. ಕ್ಲಾರಿನೆಟ್ ಸಾಲು ಎರಡಿದ್ರೆ ಎರಡನ್ನೂ ಒಂದೇ ಶ್ರುತೀಲಿ ಇಟ್ಟಿರಲ್ಲ, ಒಂದು 440 ಹರ್ಟ್ಸಲ್ಲಿದ್ರೆ ಇನ್ನೊಂದನ್ನ ಬೇಕಂತಲೇ 444ರ ಹತ್ರ ಇಟ್ಟಿರ್ತಾರೆ. ಎರಡೂ ಒಟ್ಟಿಗೆ ನುಡಿದಾಗ ಸೆಕೆಂಡಿಗೆ ನಾಲ್ಕು ಸಲ ದನಿ ಏರಿ ಇಳಿಯುತ್ತೆ, ಆ ವೊಂಯ್ ವೊಂಯ್ ಅನ್ನೋ ನಡುಕ ಇದ್ಯಲ್ಲ ಅದು ಇದೇ. ಟ್ಯೂನ್ ಮಾಡೋರು ಇದನ್ನ ಸೆಂಟ್ ಲೆಕ್ಕದಲ್ಲಿ ಹೇಳ್ತಾರೆ, ಒಂದು ಅರ್ಧಸ್ವರಕ್ಕೆ 100 ಸೆಂಟ್. ನಾನು ಈಗ ಹೇಳಿದ್ದು ಸುಮಾರು 16 ಸೆಂಟ್. 20 ದಾಟಿದ್ರೆ ಫ್ರೆಂಚ್ ಮ್ಯುಸೆಟ್ ಅನ್ನೋ ಜೋರು ನಡುಕದ ಶೈಲಿ ಕಡೆ ಹೋಯ್ತು, ಅಲ್ಲಿ ಸೆಕೆಂಡಿಗೆ ಐದರ ಮೇಲೆ ಅಲೆ. 5ರೊಳಗೆ ಬಂದ್ರೆ ಅಲೆ ಸೆಕೆಂಡಿಗೆ ಒಂದೋ ಒಂದೂಕಾಲೋ, ಅದನ್ನ ಡ್ರೈ ಅಂತಾರೆ. ಟ್ಯಾಂಗೋ ಕುಣಿತದ ಸಂಗೀತದಲ್ಲಿ ಕೇಳೋ, ಅಕಾರ್ಡಿಯನ್ನಿನ ನೆಂಟ ಬಂಡೋನಿಯನ್ ಇದ್ಯಲ್ಲ, ಅದ್ರಲ್ಲಿ ಎರಡು ರೀಡ್ ಜೊತೆಗೆ ನುಡಿದ್ರೂ ಸಾಮಾನ್ಯವಾಗಿ ಒಂದು ಸ್ಥಾಯಿ ಅಂತರದಲ್ಲಿ ನುಡಿಯುತ್ತೆ, ನಡುಕ ಇಲ್ಲ, ಅದಕ್ಕೇ ಅದರ ದನೀಲಿ ಆ ಗಾಂಭೀರ್ಯ.

ಈ ನಡುಕ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಅದನ್ನೇ ಇಷ್ಟಪಡೋರಿದ್ದಾರೆ, ಕುಣಿತಕ್ಕೆ ಅದಿಲ್ದಿದ್ರೆ ಸಪ್ಪೆ. 1829ರಲ್ಲಿ ವಿಯೆನ್ನಾದಲ್ಲಿ ಸಿರಿಲ್ ಡೆಮಿಯನ್ ಇದಕ್ಕೆ ಪೇಟೆಂಟ್ ತಗೊಂಡಾಗ ಮೈಕ್ ಎಲ್ಲಿತ್ತು, ಆಮೇಲಿನ ನೂರು ವರ್ಷಾನೂ ಜನರ ಗದ್ದಲದ ಮಧ್ಯೆ ಕೇಳಿಸೋದೇ ಈ ವಾದ್ಯದ ದೊಡ್ಡ ಕೆಲಸ ಆಗಿತ್ತು. ನಾವು ಅದನ್ನ ತಂದು ಹತ್ತಡಿ ರೂಮಲ್ಲಿ ಕೂತು ನುಡಿಸಿ ಕಿವಿ ಚುಚ್ಚುತ್ತೆ ಅಂದ್ರೆ ವಾದ್ಯ ಏನು ಮಾಡುತ್ತೆ ಹೇಳಿ.

ಹಾಗಾಗಿ ಮೊದಲ ಪರೀಕ್ಷೆಗೆ ಸ್ಕ್ರೂಡ್ರೈವರ್ ಕೂಡ ಬೇಡ. ಕೀಬೋರ್ಡ್ ಪಕ್ಕ ಯಾವ ಸಾಲು ನುಡೀಬೇಕು ಅಂತ ಆರಿಸೋ ರಿಜಿಸ್ಟರ್ ಸ್ವಿಚ್ ಇದ್ರೆ ಒಂದೇ ಕ್ಲಾರಿನೆಟ್ ನುಡಿಯೋ ಸ್ವಿಚ್ ಒತ್ತಿ ನುಡಿಸಿ, ಆಮೇಲೆ ಬಸೂನ್ ಒಂದೇ, ಆಮೇಲೆ ಬಸೂನ್ ಜೊತೆ ಒಂದು ಕ್ಲಾರಿನೆಟ್. ಈ ಕೊನೇದಕ್ಕೆ ಎಷ್ಟೋ ವಾದ್ಯದಲ್ಲಿ ಬಂಡೋನಿಯನ್ ಅಂತಲೇ ಹೆಸರು ಬರ್ದಿರುತ್ತೆ. ಅದ್ರಲ್ಲೇ ನಿಮಗೆ ಬೇಕಾದ ಬೆಚ್ಚಗಿನ ದನಿ ಸಿಕ್ಕಿತು ಅಂದ್ರೆ ಕಥೆ ಮುಗೀತು, ಇಷ್ಟು ದಿನ ಎಲ್ಲ ಸಾಲೂ ತೆರೆದಿಟ್ಟು ನುಡಿಸ್ತಿದ್ರಿ ಅಷ್ಟೇ. ನನಗೆ ಗೊತ್ತಿರೋ ಒಬ್ಬರು ವರ್ಷಾನುಗಟ್ಟಲೆ ಎಲ್ಲ ಸಾಲೂ ಒಟ್ಟಿಗೆ ನುಡಿಸೋ ಮಾಸ್ಟರ್ ಸ್ವಿಚ್ ಬಿಟ್ಟು ಬೇರೇದು ಒತ್ತಿರಲೇ ಇಲ್ಲ, ಅದೆಲ್ಲ ಅಲಂಕಾರಕ್ಕೆ ಅಂದ್ಕೊಂಡಿದ್ರಂತೆ. ಸ್ವಿಚ್ ಇಲ್ದಿರೋ ಎರಡು ಸಾಲಿನ ವಾದ್ಯ ಆದ್ರೆ ರೀಡುಗಳನ್ನ ಸಾಲಾಗಿ ಕೂರಿಸಿರೋ ಒಳಗಿನ ಮರದ ರೀಡ್ ಬ್ಲಾಕ್ ತೆಗೆದು, ನಡುಕ ಹುಟ್ಟಿಸೋ ಸಾಲಿನ ಬ್ಲಾಕಿನ ತಳದಲ್ಲಿ ಗಾಳಿ ಹೋಗೋ ತೂತುಗಳಿರುತ್ತಲ್ಲ, ಅದರ ಮೇಲೆ ತೆಳ್ಳಗಿನ ಪೇಪರ್ ಟೇಪ್ ಅಂಟಿಸಿ ಬ್ಲಾಕನ್ನ ಗಾಳಿ ಸೋರದ ಹಾಗೆ ವಾಪಸ್ ಕೂರಿಸಿದ್ರೆ ಆ ಸಾಲು ಸುಮ್ಮನಾಗುತ್ತೆ. ಎರಡು ದಿನ ಹಾಗೇ ನುಡಿಸಿ ನೋಡಿ, ಇಷ್ಟ ಆಗ್ಲಿಲ್ಲ ಅಂದ್ರೆ ಟೇಪ್ ಕಿತ್ತರಾಯ್ತು. ಇದಕ್ಕೆ ವಾದ್ಯ ಬಿಚ್ಚೋಕೆ ತಿದಿಯ ಅಂಚಿನ ಮೊಳೆಗಳನ್ನ ತೆಗೆಯುವಾಗ ಯಾವುದು ಎಲ್ಲಿಂದ ಬಂತು ಅಂತ ಒಂದು ರಟ್ಟಿನ ಮೇಲೆ ಚಿತ್ರ ಬರೆದು ಅದಕ್ಕೇ ಚುಚ್ಚಿಡಿ, ನೋಡೋಕೆ ಎಲ್ಲ ಒಂದೇ ಥರ ಇದ್ರೂ ವಾಪಸ್ ಹಾಕುವಾಗ ಒಂದರ ಜಾಗಕ್ಕೆ ಇನ್ನೊಂದು ಸರಿಯಾಗಿ ಕೂರಲ್ಲ.

ನಡುಕ ಹೋದ್ಮೇಲೂ ದನಿ ಚೂಪು ಅನ್ನಿಸಿದ್ರೆ ಆಗ ಜಾಲರಿಗೆ ಬನ್ನಿ. ಬಲಗೈ ಕಡೆ ಕೀಗಳ ಪಕ್ಕ ತೂತು ತೂತಿನ ಲೋಹದ ಮುಚ್ಚಳ ಇರುತ್ತೆ, ಮೂರೋ ನಾಲ್ಕೋ ಸ್ಕ್ರೂ ತೆಗೆದ್ರೆ ಕೈಗೆ ಬರುತ್ತೆ. ಸದ್ದು ಕೇಳೋರ ಕಡೆ ಹೋಗೋದು ಇದರ ಮೂಲಕಾನೇ, ಆದ್ರಿಂದ ಹೀರ್ಕೊಳ್ಳೋ ವಸ್ತು ಇಡೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಉಣ್ಣೆ ಫೆಲ್ಟ್ ಅಂಥದ್ದು ಮೇಲಿನ ಕಂಪನಗಳನ್ನ ಜಾಸ್ತಿ ಹೀರುತ್ತೆ, ಕೆಳಗಿನದ್ದನ್ನ ಹೆಚ್ಚುಕಮ್ಮಿ ಹಾಗೇ ಬಿಡುತ್ತೆ, ನಮಗೆ ಬೇಕಿರೋದೂ ಅದೇ ಅಲ್ವಾ.

ಇಲ್ಲೂ ನಾನು ಒಂದು ಎಡವಟ್ಟು ಮಾಡಿದ್ದೆ. ಫೆಲ್ಟ್ ಸಿಗ್ಲಿಲ್ಲ ಅಂತ ದಿಂಬಿನೊಳಗಿನ ಪಾಲಿಯೆಸ್ಟರ್ ಹತ್ತೀನ ಕಿತ್ತು ಜಾಲರಿ ಹಿಂದೆ ತುಂಬಿಸ್ದೆ. ಮೊದಲ ದಿನ ಆಹಾ ಅನ್ನಿಸ್ತು, ರೇಷ್ಮೆ ಥರ ದನಿ. ನಾಲ್ಕನೇ ದಿನಕ್ಕೆ ಮೇಲಿನ ಸ್ಥಾಯೀಲಿ ಒಂದು ಸ್ವರ ಉಸಿರುಗಟ್ಟಿದ ಹಾಗೆ ಆಯ್ತು, ಮಾರನೇ ದಿನ ಇನ್ನೆರಡು. ಕಾರಣ ಹೊಳೆಯೋಕೆ ಸುಮಾರು ಹೊತ್ತು ಹಿಡೀತು. ತಿದಿ ಎಳೆಯುವಾಗ ಹೊರಗಿನ ಗಾಳಿ ಒಳಕ್ಕೆ ನುಗ್ಗೋದು ಎಲ್ಲಿಂದ? ಕೀ ಒತ್ತಿದಾಗ ಏಳೋ ಪ್ಯಾಲೆಟ್, ಅಂದ್ರೆ ಗಾಳಿ ತೂತಿನ ಮುಚ್ಚಳ ಇರುತ್ತಲ್ಲ, ಅದರ ಕೆಳಗಿಂದ. ಅಂದ್ರೆ ವಾದ್ಯ ಅರ್ಧ ಹೊತ್ತು ಜಾಲರಿಯ ಮೂಲಕ ಉಸಿರು ಎಳ್ಕೊಳ್ತಿರುತ್ತೆ, ಎದುರಿಗೆ ಏನಿದ್ಯೋ ಅದನ್ನೂ ಸೇರಿಸಿ. ಹತ್ತಿಯ ಒಂದೊಂದೇ ಎಳೆ ಒಳಗೆ ಹೋಗಿ ನಾಲಿಗೆಗೂ ಸೀಳಿಗೂ ಮಧ್ಯೆ ಸಿಕ್ಕಾಕ್ಕೊಂಡಿತ್ತು. ಆ ಸಂದು ಎಷ್ಟು ಸಣ್ಣದು ಅಂದ್ರೆ ಒಂದು ಕೂದಲು ತೂರಲ್ಲ, ಅದ್ರಲ್ಲೂ ಮೇಲಿನ ಸ್ವರಗಳ ನಾಲಿಗೆಗಳು ಪುಟ್ಟ ಪುಟ್ಟದು, ಒಂದು ಎಳೆ ಸಾಕು. 37 ಕೀ ಅಂದ್ರೆ ಒಂದು ಸಾಲಿಗೇ 74 ನಾಲಿಗೆ, ಮೂರು ಸಾಲಿಗೆ 222. ಟಾರ್ಚ್ ಹಿಡ್ಕೊಂಡು ಒಂದೊಂದೇ ನೋಡಿ, ತೆಳು ತಗಡಿನ ಪಟ್ಟೀಲಿ ಎಳೆ ಹೊರಗೆ ಎಳೆದು ಮುಗಿಸೋ ಹೊತ್ತಿಗೆ ಎರಡು ರಾತ್ರಿ ಹೋಯ್ತು.

ಆದ್ರಿಂದ ಎಳೆ ಬಿಡದಿರೋ, ಅಂಚು ನೀಟಾಗಿ ಕತ್ತರಿಸಿದ ಗಟ್ಟಿ ಉಣ್ಣೆ ಫೆಲ್ಟ್, ಎರಡು ಮೂರು ಮಿಲಿಮೀಟರ್ ದಪ್ಪದ್ದು ಸಾಕು. ಜಾಲರಿಯನ್ನ ಪೂರ್ತಿ ಮುಚ್ಚೋಕೆ ಹೋಗ್ಬೇಡಿ, ಮುಚ್ಚಿದ್ರೆ ಕಂಬಳಿ ಹೊದ್ದು ಮಾತಾಡಿದ ಹಾಗೆ ಆಗುತ್ತೆ. ಪಟ್ಟಿ ಪಟ್ಟಿ ಮಾಡಿ ಅರ್ಧ ತೂತು ಮುಚ್ಚೋ ಹಾಗೆ, ಅಂಟಿನ ಬದಲು ಡಬಲ್ ಸೈಡ್ ಟೇಪಲ್ಲಿ ಹಾಕಿ, ಕೇಳಿ, ಒಂದು ಪಟ್ಟಿ ತೆಗೀರಿ, ಮತ್ತೆ ಕೇಳಿ. ಎಲ್ಲ ಕೀನೂ ಒತ್ತಿ ಪ್ಯಾಲೆಟ್ ಎದ್ದಾಗ ಫೆಲ್ಟಿಗೆ ತಾಗಲ್ಲ ಅಂತ ನೋಡ್ಕೊಳ್ಳಿ, ತಾಗಿದ್ರೆ ಪ್ಯಾಲೆಟ್ ಪೂರ್ತಿ ಏಳಲ್ಲ, ಗಾಳಿ ಸಾಲದೆ ಆ ಸ್ವರ ಮಂಕಾಗೋದಲ್ದೆ ಶ್ರುತೀನೂ ಇಳಿಯುತ್ತೆ. ಇನ್ನೊಂದು, ನುಡಿಸೋರ ಕಿವಿ ಇರೋದು ವಾದ್ಯದ ಮೇಲೆ, ಜಾಲರಿ ಬಾಯಿ ಇರೋದು ಎದುರಿಗೆ, ಹಾಗಾಗಿ ನಿಮಗೆ ಕೇಳೋದು ಒಂದು, ಎದುರಿನೋರಿಗೆ ಕೇಳೋದು ಇನ್ನೊಂದು. ಫೋನನ್ನ ಎರಡು ಮೀಟರ್ ದೂರ ಇಟ್ಟು ಫೆಲ್ಟ್ ಹಾಕೋ ಮುಂಚೆ, ಹಾಕಿದ್ಮೇಲೆ, ಒಂದೇ ಹಾಡು ರೆಕಾರ್ಡ್ ಮಾಡಿ ಕೇಳಿ. ನಾನು ಏನೂ ಬದಲಾಗ್ಲಿಲ್ಲ ಅಂದ್ಕೊಂಡಿದ್ದು ರೆಕಾರ್ಡಲ್ಲಿ ಎದ್ದು ಕಾಣ್ತಿತ್ತು.

ಬಲಗೈ ಮೆತ್ತಗಾದ ತಕ್ಷಣ ಇನ್ನೊಂದು ತಲೆನೋವು ಎದುರಾಗುತ್ತೆ, ಇದನ್ನ ಯಾರೂ ಮುಂಚೆ ಹೇಳಲ್ಲ. ಎಡಗೈ ಬೇಸು ಏನೂ ಮಾಡದೇನೇ ಜೋರಾಗಿ ಕೇಳೋಕೆ ಶುರು ಆಗುತ್ತೆ, ರಾಗ ಹಿಂದೆ, ಬೇಸ್ ಮುಂದೆ. ಆ ಕಡೆ ಮುಚ್ಚಳದ ತೂತಿಗೂ ಒಂದಿಷ್ಟು ಫೆಲ್ಟ್ ಹಾಕಿ ತೂಕ ಸರಿ ಮಾಡ್ಕೊಳ್ಬೇಕು.

ಇಷ್ಟೆಲ್ಲ ಕಸರತ್ತು ಯಾಕೆ, ಕಸೊಟ್ಟೊ ಹಾಕಿಸ್ಬಿಡಬಾರ್ದಾ ಅಂತ ಕೇಳೋರೂ ಇದ್ದಾರೆ. ಇಟಲಿಯ ದುಬಾರಿ ವಾದ್ಯಗಳ ಬಗ್ಗೆ ಓದಿರ್ತಾರೆ, ಅದ್ರಲ್ಲಿ ಬಸೂನ್ ಸಾಲನ್ನೂ ಒಂದು ಕ್ಲಾರಿನೆಟ್ ಸಾಲನ್ನೂ ಬೇರೆ ಸಾಲುಗಳಿಗೆ ಅಡ್ಡಲಾಗಿ ಒಂದು ಆಳದ ಗೂಡಿನೊಳಗೆ ಕೂರಿಸಿರ್ತಾರೆ, ಆ ಗೂಡೇ ಕಸೊಟ್ಟೊ, ದನಿ ಆ ಗೂಡಲ್ಲಿ ಸುತ್ತಿ ಬರೋವಷ್ಟರಲ್ಲಿ ಚೂಪು ಅಲ್ಲೇ ಕಳೆದುಹೋಗುತ್ತೆ, ಬರೋದು ದುಂಡನೆ ದನಿ. ಕೇಳೋಕೆ ಏನು ಚೆನ್ನ ಅಂತೀರಿ. ಆದ್ರೆ ಅದು ಹುಟ್ಟುತ್ತಲೇ ಬರಬೇಕು. ಒಂದೊಂದು ಕೀಗೂ ಗೂಡಿನೊಳಗೊಂದು ಹೊರಗೊಂದು ಅಂತ ಎರಡು ಪ್ಯಾಲೆಟ್, ಅದಕ್ಕೆ ತಕ್ಕ ಕಡ್ಡಿ, ಬ್ಲಾಕು, ಪೆಟ್ಟಿಗೆಯ ಅಳತೆ, ಎಲ್ಲ ಬೇರೆ. ಸಾಮಾನ್ಯ ವಾದ್ಯಕ್ಕೆ ಅದನ್ನ ಹಾಕೋದು ಅಂದ್ರೆ ಹೊಸ ವಾದ್ಯ ಮಾಡಿದ ಹಾಗೇ. ಬೇಕಿದ್ರೆ ಜಾಲರಿಯೊಳಗೆ ತೆಳು ಪ್ಲೈವುಡ್ಡೋ ರಟ್ಟೋ ಹಾಕಿ, ದನಿ ನೇರ ಹೊರಗೆ ಬರದೆ ಒಂದು ಅಂಚಿನ ಸೀಳಿಂದ ಸುತ್ತಿ ಬರೋ ಹಾಗೆ ಮಾಡಿ ನೋಡಿ, ಒಂದು ಮಟ್ಟಕ್ಕೆ ಅದೇ ರುಚಿ ಬರುತ್ತೆ. ಒಂದೆರಡು ಸ್ವರ ಮಾತ್ರ ಗುಡಾಣದೊಳಗಿಂದ ಬಂದ ಹಾಗೆ ಕೇಳಬಹುದು, ಸೀಳಿನ ಅಗಲ ಬದಲಾಯಿಸಿ ನೋಡಿದ್ರೆ ಅದೂ ಕಮ್ಮಿ ಆಗುತ್ತೆ.

ಹಳೇ ವಾದ್ಯ ಆದ್ರೆ ಇದಕ್ಕೆಲ್ಲ ಮುಂಚೆ ಇನ್ನೊಂದು ಸಲ ಒಳಗೆ ಕಣ್ಣು ಹಾಯಿಸಿ. ಒಂದೊಂದು ಸೀಳಿನ ಹಿಂದೆ ಒಂದು ಚರ್ಮದ ಪಟ್ಟಿ ಇರುತ್ತೆ, ಎಳೆಯುವಾಗ ನುಡಿಯೋ ನಾಲಿಗೆಗೆ ಒತ್ತುವಾಗ ಗಾಳಿ ಹೋಗದ ಹಾಗೆ ತಡೆಯೋಕೆ, ತೀರಾ ಸಣ್ಣ ರೀಡಿಗೆ ಸಾಮಾನ್ಯವಾಗಿ ಇರಲ್ಲ. ವರ್ಷ ಕಳೆದ ಹಾಗೆ ಆ ಚರ್ಮ ಒಣಗಿ ಸುರುಳಿ ಸುತ್ಕೊಳ್ಳುತ್ತೆ, ಆಗ ಗಾಳಿ ಪೋಲು, ಜೊತೆಗೆ ಪಟ್ ಅಂತ ಬಡಿಯೋ ಸದ್ದು. ರೀಡ್ ಹಿಡಿದಿರೋ ಮೇಣಾನೂ ಅಷ್ಟೇ, ಜೇನುಮೇಣಕ್ಕೆ ರಾಳ ಬೆರೆಸಿ ಹಾಕಿರ್ತಾರೆ, ಹಳೇದಾದ್ರೆ ಬಿರುಕು ಬಿಟ್ಟು ತಗಡು ಗಿಜಿಗಿಜಿ ಅನ್ನುತ್ತೆ. ಎಷ್ಟೋ ಸಲ ನಾವು ಕರ್ಕಶ ಅಂತ ಬೈಯೋದು ಈ ಗಿಜಿಗಿಜೀನ. ಚರ್ಮ, ಮೇಣ ಹೊಸದಾಗಿಸಿದ್ರೆ ಸಾಕು, ಬೇರೇನೂ ಮಾಡ್ಬೇಕಿಲ್ಲ ಅನ್ನೋ ವಾದ್ಯಗಳೂ ಇವೆ.

ಇಷ್ಟೆಲ್ಲ ಆದ್ಮೇಲೂ ಇಲ್ಲ, ನಡುಕ ಶಾಶ್ವತವಾಗಿ ಕಮ್ಮಿ ಆಗ್ಲೇಬೇಕು, ಎರಡೂ ಸಾಲು ಜೊತೇಲಿ ನುಡೀಬೇಕು ಅಂತಿದ್ರೆ ಆಗ ಟ್ಯೂನಿಂಗ್. ಅದು ಕೈ ಪಳಗಿದೋರ ಕೆಲಸ. ಅವರ ಹತ್ರ ಹೋಗಿ ಸುಮ್ನೆ ಮೆತ್ತಗೆ ಮಾಡಿ ಅನ್ಬೇಡಿ, ಎಷ್ಟು ಸೆಂಟ್ ಬೇಕು ಅಂತ ಹೇಳಿ, 16 ಇದ್ದಿದ್ದನ್ನ 6ಕ್ಕೋ 8ಕ್ಕೋ ಇಳಿಸಿ ಅನ್ನಿ, ಒಂದೇ ಸಲ ಸೊನ್ನೆಗೆ ತರಿಸ್ಬೇಡಿ. ಇಳಿಸಿದ್ದನ್ನ ಮತ್ತೆ ಏರಿಸಬಹುದು, ಆದ್ರೆ ಎರಡು ಸಲಾನೂ ಸವೆಯೋದು ಅದೇ ನಾಲಿಗೆ. ಇದ್ರಲ್ಲೂ ಒಂದು ಸೂಕ್ಷ್ಮ ಇದೆ, ರೀಡನ್ನ ಮೇಜಿನ ಮೇಲಿನ ತಿದೀಲಿ ಊದಿಸಿದಾಗ ಬರೋ ಶ್ರುತಿಗೂ ವಾದ್ಯದೊಳಗೆ ಕೂತಾಗ ಬರೋ ಶ್ರುತಿಗೂ ಸ್ವಲ್ಪ ವ್ಯತ್ಯಾಸ ಇರುತ್ತೆ, ಹಾಗಾಗಿ ಗೊತ್ತಿರೋರು ಪದೇ ಪದೇ ಒಳಗೆ ಹಾಕಿ ಅಳೆದು ಹೊರಗೆ ತೆಗೆದು ತಿದ್ದುತ್ತಾರೆ. ಈ ಕೆಲಸಕ್ಕೆ ವಾರ ಹಿಡೀತು ಅಂತ ಯಾರಾದ್ರೂ ಹೇಳಿದ್ರೆ ಅವರ ಮೇಲೆ ನಂಗೆ ನಂಬಿಕೆ ಜಾಸ್ತಿ ಆಗುತ್ತೆ.

ಕೈಯಿಂದ ಆಗೋದೂ ಇದೆ ಅಂತ ಮರೀಬಾರ್ದು. ತಿದಿಗೆ ಜೋರು ಒತ್ತಡ ಕೊಟ್ಟಷ್ಟೂ ದನಿ ಬರೀ ದೊಡ್ಡದಾಗಲ್ಲ, ಚೂಪೂ ಆಗುತ್ತೆ, ಕಮ್ಮಿ ಗಾಳೀಲಿ ನುಡಿಸೋಕೆ ಕಲಿತ್ರೆ ಅರ್ಧ ಫೆಲ್ಟ್ ಉಳಿಯುತ್ತೆ. ಮೈಕಲ್ಲಿ ನುಡಿಸೋರು ಮೈಕನ್ನ ಜಾಲರಿಗೆ ಅಂಟಿಸಿದ ಹಾಗೆ ಇಡದೆ ಸ್ವಲ್ಪ ದೂರ ಇಟ್ಟು, ಮಿಕ್ಸರಲ್ಲಿ 3000ದಿಂದ 5000 ಹರ್ಟ್ಸ್ ಹತ್ರ ಒಂಚೂರು ಇಳಿಸಿದ್ರೆ ವಾದ್ಯಾನ ಮುಟ್ಟೋ ಅಗತ್ಯಾನೇ ಬರಲ್ಲ.

ಈಗ ನನ್ನ ಕೋರಿಕೆ. ಮುಂದಿನ ಪುರವಣೀಲಿ ಆ ಬ್ಲೇಡಿನ ಸಾಲಿಗೆ ಒಂದು ತಿದ್ದುಪಡಿ ಹಾಕಿ, ಮೂಲೇಲಿ ಸಣ್ಣಕ್ಷರದಲ್ಲಿ ಆದ್ರೂ ಪರ್ವಾಗಿಲ್ಲ: ತುದಿ ಕೆರೆದ್ರೆ ಸ್ವರ ಏರುತ್ತೆ, ಬುಡ ಕೆರೆದ್ರೆ ಇಳಿಯುತ್ತೆ, ಎರಡನ್ನೂ ಮನೇಲಿ ಮಾಡ್ಬೇಡಿ ಅಂತ. ಪುರವಣಿ ಓದಿ ಯಾರಾದ್ರೂ ಈಗಾಗ್ಲೇ ಕೆರೆಯೋಕೆ ಶುರು ಮಾಡಿದ್ರೆ ಅಲ್ಲಿಗೇ ನಿಲ್ಲಿಸಲಿ, ಒಂದು ನಾಲಿಗೆ ಹೋಗಿದ್ರೆ ಅದೊಂದು ರೀಡನ್ನ ಬದಲಾಯಿಸಬಹುದು. ನಂದು ಹಾಗೇ ಬದಲಾಯ್ತು, ಮುರಿದಿದ್ದನ್ನ ಮಾತ್ರ ಎಸೆಯೋಕೆ ಮನಸ್ಸು ಬರದೆ ವಾದ್ಯದ ಪೆಟ್ಟಿಗೇಲೇ ಇಟ್ಟಿದ್ದೀನಿ, ಅದರ ಫೋಟೋ ಬೇಕಿದ್ರೆ ತಿದ್ದುಪಡಿ ಜೊತೆ ಹಾಕೋಕೆ ಕಳಿಸ್ಕೊಡ್ತೀನಿ.

ಇಂತಿ ನಿಮ್ಮ ಓದುಗ